ಕಂಸಾಳೆಯ ನಾದವೂ ಯಂತ್ರದ ಸ್ಮೃತಿಯೂ

ಮಾನವನಿಗೆ ದೊರೆತಿರುವ ಸಂಪತ್ತುಗಳಲ್ಲಿ ಸ್ಮೃತಿಯು ಅಗ್ರಗಣ್ಯವಾದುದು. ಅಕ್ಷರವನ್ನರಿಯದ ಹಳ್ಳಿಯ ಗಾಯಕನೊಬ್ಬನು ಇಡೀ ರಾತ್ರಿ ಹಾಡಿದರೂ ಮುಗಿಯದ ಕಾವ್ಯವನ್ನು ಎದೆಯಲ್ಲಿ ಇಟ್ಟುಕೊಂಡಿರುವುದನ್ನು ಕಂಡವರಿಗೆ ಈ ಮಾತು ತಾನಾಗಿಯೇ ಮನದಟ್ಟಾಗುತ್ತದೆ. ಈಗಿನ ಕಾಲದಲ್ಲಿ ಯಂತ್ರಗಳಿಗೂ ಸ್ಮೃತಿಯುಂಟು. ಹಣ ತೆತ್ತರೆ ಅದನ್ನು ಹಿಗ್ಗಿಸಿಕೊಳ್ಳಲೂ ಬರುತ್ತದೆ. ಆದರೆ ಹೀಗೆ ಹಿಗ್ಗಿಸಿಕೊಂಡ ಸ್ಮೃತಿಯಿಂದ ಯಾರಿಗೆ ಏನು ದೊರೆಯಿತು, ಯಾರ ಪಾಲಿನದು ಏನು ಹೋಯಿತು ಎಂಬ ಲೆಕ್ಕವನ್ನು ಇಡುವವರು ವಿರಳ. ಹೊಸ ಅಗ್ರಹಾರದ ಸೀಮೆಯಲ್ಲಿ ಹುಟ್ಟಿ, ಶ್ರೀಮಠದ ಶಾಲೆಯಲ್ಲಿ ಓದಿ, ಮುಂದೆ ವಾದ್ಯಗೋಷ್ಠಿಗಳಲ್ಲಿ ಕೀಬೋರ್ಡ್ ನುಡಿಸಿ ಜೀವನ ಸಾಗಿಸಿದ ಹಳೆಯ ವಿದ್ಯಾರ್ಥಿಯೊಬ್ಬರು ಆ ಲೆಕ್ಕವನ್ನು ಇಡಬೇಕಾಗಿ ಬಂದುದು ಒಂದು ಹಳೆಯ ಯಂತ್ರದ ದೆಸೆಯಿಂದ.

ಕೃಷ್ಣರಾಜನಗರ ತಾಲ್ಲೂಕು ಭತ್ತದ ಸೀಮೆ. ಅಲ್ಲಿಯ ಒಕ್ಕಲುಮನೆಗಳಲ್ಲಿ ಬೆಳೆದವರಿಗೆ ಕಂಸಾಳೆಯ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ. ಮಲೆಯ ಮಹದೇಶ್ವರನ ದೀಕ್ಷೆ ಪಡೆದ ದೇವರಗುಡ್ಡರು ಭಿಕ್ಷೆಗೆಂದು ಮನೆಯ ಮುಂದೆ ಬಂದು ನಿಂತರೆ, ಎಡ ಅಂಗೈಯಲ್ಲಿ ಕಂಚಿನ ಬಟ್ಟಲು, ಬಲಗೈಯಲ್ಲಿ ಕುಚ್ಚು ಕಟ್ಟಿದ ಚಪ್ಪಟೆಯ ತಾಳ. ಇವೆರಡೂ ಕೂಡಿದಾಗ ಹೊಮ್ಮುವ ನಾದವು ಕೇರಿಯ ಕೊನೆಯವರೆಗೂ ಹೋಗಿ ಮಕ್ಕಳನ್ನು ಎಳೆದು ತರುತ್ತಿತ್ತು. ಆ ಮಕ್ಕಳಲ್ಲಿ ಇವರೂ ಒಬ್ಬರು. ಶಾಲೆಯಲ್ಲಿ ಪ್ರಾರ್ಥನೆಗೆ ಒಂದು ಹಾರ್ಮೋನಿಯಂ ಇತ್ತು. ಅದರ ತಿದಿ ಸೋರಿ ಸ್ವರ ನರಳಿದಾಗ ಬಟ್ಟೆಯನ್ನೂ ಗೋಂದನ್ನೂ ತಂದು ಅಂಟಿಸಿ ಸರಿಪಡಿಸಿದ ಬಾಲಕನನ್ನು ಗುರುಗಳು ಗದರಿಸಲಿಲ್ಲ. ಅಂದಿನಿಂದ ಆ ವಾದ್ಯದ ಆರೈಕೆಯನ್ನೇ ಅವನಿಗೆ ಒಪ್ಪಿಸಿದರು. ಬಿಚ್ಚಿ ನೋಡುವ ಕುತೂಹಲ, ನುಡಿಸುವ ಆಸೆ ಎರಡೂ ಒಂದೇ ಪೆಟ್ಟಿಗೆಯಿಂದ ಮೊಳೆತವು. ಪ್ರೌಢಶಾಲೆ ಮುಗಿದ ಮೇಲೆ ಅವರು ಮೈಸೂರಿನಲ್ಲಿ ರೇಡಿಯೊ ರಿಪೇರಿ ಕೆಲಸವನ್ನು ಕಲಿತು, ಊರಿಗೆ ಹಿಂದಿರುಗಿ ಒಂದು ಸಣ್ಣ ಅಂಗಡಿಯನ್ನು ತೆರೆದರು. ಹಗಲು ರಿಪೇರಿ, ರಾತ್ರಿ ಜಾತ್ರೆ ಮದುವೆಗಳ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡು. ಹೀಗೆ ಎರಡು ದೋಣಿಗಳಲ್ಲಿ ಕಾಲಿಟ್ಟು ಸಾಗಿದ ಬಾಳು ಅವರದು.

ಇಲ್ಲಿ ಓದುಗರಿಗೆ ಸ್ಯಾಂಪ್ಲರ್ ಎಂಬ ಯಂತ್ರದ ವಿಚಾರವನ್ನು ಕೊಂಚ ವಿವರಿಸುವುದು ಅವಶ್ಯ. ಹಾರ್ಮೋನಿಯಮ್ಮಿನಲ್ಲಿ ಗಾಳಿ ಪೀಪಿಯನ್ನು ಕಂಪಿಸಿ ನಾದವನ್ನು ಹುಟ್ಟಿಸುತ್ತದೆ. ಸ್ಯಾಂಪ್ಲರ್ ಯಾವ ನಾದವನ್ನೂ ತಾನಾಗಿ ಹುಟ್ಟಿಸದು. ಬೇರೆ ವಾದ್ಯವೊಂದರ ಧ್ವನಿಯನ್ನು ಮುದ್ರಿಸಿಕೊಂಡು, ಕೀಲಿಯನ್ನು ಒತ್ತಿದಾಗ ಅದನ್ನೇ ಬೇಕಾದ ಶ್ರುತಿಗೆ ಏರಿಸಿ ಇಳಿಸಿ ನುಡಿಯುತ್ತದೆ. ಈ ಆಲೋಚನೆ ಹಳೆಯದು. 1963ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾಗತೊಡಗಿದ ಮೆಲೊಟ್ರಾನ್ ಎಂಬ ವಾದ್ಯದಲ್ಲಿ ಒಂದೊಂದು ಕೀಲಿಯ ಕೆಳಗೂ ಒಂದೊಂದು ಟೇಪಿನ ತುಂಡಿತ್ತು. ಎಂಟು ಸೆಕೆಂಡು ನುಡಿದರೆ ಟೇಪು ಮುಗಿಯುತ್ತಿತ್ತು. 1979ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಫೇರ್‌ಲೈಟ್ ಎಂಬ ಯಂತ್ರವೂ, 1981ರಲ್ಲಿ ಅಮೆರಿಕದಲ್ಲಿ ಇಮ್ಯುಲೇಟರ್ ಎಂಬ ಯಂತ್ರವೂ ಬಂದು, ಧ್ವನಿಯು ಟೇಪನ್ನು ಬಿಟ್ಟು ಅಂಕಿಗಳಾಗಿ ಕಂಪ್ಯೂಟರಿನ ಸ್ಮೃತಿಯೊಳಗೆ ಸೇರಿತು. ಜಪಾನಿನ ಅಕಾಯ್ ಸಂಸ್ಥೆಯು 1986ರಲ್ಲಿ ಎಸ್900, 1988ರಲ್ಲಿ ಎಸ್1000, 1995ರಲ್ಲಿ ಎಸ್2000 ಎಂಬ ಮಾದರಿಗಳನ್ನು ಹೊರತಂದು, ಸಾಧಾರಣ ಸ್ಟುಡಿಯೋಗಳ ಕೈಗೂ ಈ ವಿದ್ಯೆಯು ಎಟುಕುವಂತೆ ಮಾಡಿತು.

ಕನ್ನಡ ನಾಡೂ ಈ ವಿಷಯದಲ್ಲಿ ಹಿಂದುಳಿದಿರಲಿಲ್ಲವೆಂಬುದು ಅಭಿಮಾನದ ಸಂಗತಿ. ಬೆಂಗಳೂರಿನ ಇಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿಯೇ ವಿದ್ಯುನ್ಮಾನ ತಂಬೂರಿಯನ್ನು ನಿರ್ಮಿಸಿದರು. ಅವರ ರಾಡೆಲ್ ಸಂಸ್ಥೆಯ ಶ್ರುತಿಪೆಟ್ಟಿಗೆಗಳು ಇಂದು ಸಂಗೀತ ಕಲಿಯುವ ಮನೆಮನೆಯಲ್ಲಿ ಕಾಣಸಿಗುತ್ತವೆ. ಈ ಬಗೆಯ ಉಪಕರಣಗಳು ಮೊದಲು ವಿದ್ಯುನ್ಮಂಡಲದಿಂದಲೇ ನಾದವನ್ನು ಹುಟ್ಟಿಸುತ್ತಿದ್ದವು. ಮುಂದಿನ ಪೀಳಿಗೆಗಳಲ್ಲಿ ನಿಜವಾದ ತಂಬೂರಿಯ ಮೀಟನ್ನು ಮುದ್ರಿಸಿ ಸ್ಮೃತಿಯಲ್ಲಿ ಇಟ್ಟುಕೊಳ್ಳುವ ಮಾದರಿಗಳೂ ಬಂದವು. ಶಾಸ್ತ್ರೀಯ ಸಂಗೀತಕ್ಕೆ ಹೀಗೆ ಒಬ್ಬ ಆಪ್ತನು ದೊರಕಿದನು. ಹಳ್ಳಿಯ ವಾದ್ಯಗಳಿಗೆ ಅಂಥ ಆಪ್ತನು ಬೇಗನೆ ದೊರಕಲಿಲ್ಲ.

ಆ ಕೊರತೆಯು ಇವರಿಗೆ ವೇದಿಕೆಯ ಮೇಲೆಯೇ ಅರಿವಾಯಿತು. ಅವರಿದ್ದ ಆರ್ಕೆಸ್ಟ್ರಾದಲ್ಲಿ ರೋಲೆಂಡ್ ಸಂಸ್ಥೆಯ ಜೆವಿ-1080 ಎಂಬ ನಾದಪೆಟ್ಟಿಗೆಯಿತ್ತು. 1994ರಲ್ಲಿ ಬಂದ ಆ ಯಂತ್ರದ ಒಳಗೆ ನಾಲ್ಕು ಗೂಡುಗಳು. ಒಂದೊಂದು ಗೂಡಿಗೆ ಕಾರ್ಖಾನೆಯಲ್ಲಿ ನಾದ ತುಂಬಿ ಕಳುಹಿಸಿದ ಒಂದೊಂದು ಹಲಗೆಯನ್ನು ಸೇರಿಸಿದರೆ ಹೊಸ ಹೊಸ ವಾದ್ಯಗಳು ದೊರೆಯುತ್ತಿದ್ದವು. ಪಿಯಾನೊಗಳ ಹಲಗೆ, ಪಿಟೀಲುಗಳ ಹಲಗೆ, ಲೋಕದ ನಾನಾ ದೇಶಗಳ ವಾದ್ಯಗಳ ಹಲಗೆ, ಏಷ್ಯಾ ಖಂಡಕ್ಕೆಂದೇ ಮೀಸಲಾದ ಹಲಗೆ. ತಬಲ ಸಿತಾರಗಳಿಗೆ ಅಲ್ಲಿ ಮರ್ಯಾದೆಯ ಸ್ಥಾನವಿತ್ತು, ಕಂಸಾಳೆಗೆ ಇರಲಿಲ್ಲ. ಆ ಹಲಗೆಗಳ ಸ್ಮೃತಿಯನ್ನು ರೋಮ್ ಎನ್ನುತ್ತಾರೆ. ಅದನ್ನು ಓದಬಹುದೇ ಹೊರತು ಬರೆಯಲಾಗದು. ಕಾರ್ಖಾನೆಯವರು ಯಾವುದನ್ನು ಕೇಳಲು ಯೋಗ್ಯವೆಂದು ಎಣಿಸಿದರೋ ಅಷ್ಟೇ ಅದರ ಪ್ರಪಂಚ. ಮಹದೇಶ್ವರನ ಹಾಡು ಬಂದಾಗ ಆರ್ಕೆಸ್ಟ್ರಾದ ಮಾಲೀಕರು ಅಕ್ಕಪಕ್ಕದ ಹಳ್ಳಿಯಿಂದ ಇಬ್ಬರು ಕಂಸಾಳೆ ಕಲಾವಿದರನ್ನು ಕರೆಸುತ್ತಿದ್ದರು. ಇವರಾದರೋ ಆ ಹೊತ್ತಿನಲ್ಲಿ ಕೀಬೋರ್ಡಿನ ಹಿಂದೆ ಕೈಕಟ್ಟಿ ನಿಂತು, ಈ ನಾದವೂ ತನ್ನ ಬೆರಳಿನಡಿ ಇದ್ದಿದ್ದರೆ ಎಂದು ಹಂಬಲಿಸುತ್ತಿದ್ದರು.

2003ರ ಸುಮಾರಿಗೆ ಬೆಂಗಳೂರಿನ ಸ್ಟುಡಿಯೋವೊಂದು ತನ್ನ ಹಳೆಯ ಸಾಮಗ್ರಿಗಳನ್ನು ಮಾರಿತು. ಆ ವೇಳೆಗೆ ಕಂಪ್ಯೂಟರೇ ಸ್ಯಾಂಪ್ಲರಿನ ಕೆಲಸವನ್ನೆಲ್ಲ ಮಾಡತೊಡಗಿದ್ದುದರಿಂದ ಎಸ್2000ದಂಥ ಯಂತ್ರವು ಮೂಲೆ ಸೇರಿತ್ತು. ತಮ್ಮ ಉಳಿತಾಯವನ್ನೆಲ್ಲ ಸುರಿದು ಅವರು ಅದನ್ನು ಕೊಂಡುತಂದರು. ರೋಮಿನ ಹಲಗೆಯಂತಲ್ಲದೆ ಇದರ ಸ್ಮೃತಿಯು ಖಾಲಿ ಸ್ಲೇಟು. ಬರೆದವರು ಬರೆದದ್ದನ್ನು ಅದು ನುಡಿಯುತ್ತಿತ್ತು. ಆದರೆ ಆ ಸ್ಲೇಟು ಬಲು ಚಿಕ್ಕದು. ಕಾರ್ಖಾನೆಯಿಂದ ಬಂದಾಗ ಇದ್ದ ಸ್ಮೃತಿ ಎರಡು ಮೆಗಾಬೈಟ್ ಮಾತ್ರ.

ಎರಡು ಮೆಗಾಬೈಟ್ ಎಂದರೆ ಎಷ್ಟು? ಲೆಕ್ಕ ಸರಳವಾದುದು. ಉತ್ತಮ ದರ್ಜೆಯಲ್ಲಿ ಮುದ್ರಿಸಬೇಕಾದರೆ ಯಂತ್ರವು ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆಯಬೇಕು. ಒಂದೊಂದು ಅಳತೆಗೂ ಎರಡು ಬೈಟ್ ಸ್ಥಳ ಬೇಕು. ಹೀಗೆ ಒಂದು ಸೆಕೆಂಡಿಗೆ 88,200 ಬೈಟ್ ಖರ್ಚಾಗುತ್ತದೆ. ಎರಡು ಮೆಗಾಬೈಟನ್ನು ಇದರಿಂದ ಭಾಗಿಸಿದರೆ ದೊರೆಯುವುದು 23 ಸೆಕೆಂಡಿಗೆ ಸ್ವಲ್ಪ ಹೆಚ್ಚು. ಒಂದು ವಾದ್ಯದ ಇಡೀ ವ್ಯಕ್ತಿತ್ವವು ಈ 23 ಸೆಕೆಂಡಿನೊಳಗೆ ಅಡಗಬೇಕು.

ಕಂಸಾಳೆಯ ಕಲಾವಿದರಿಬ್ಬರಲ್ಲಿ ಹಿರಿಯರು ಅರವತ್ತು ದಾಟಿದವರು. ಬಾಲ್ಯದಿಂದಲೂ ಬಲ್ಲವರಾದ್ದರಿಂದ ಇವರು ಅವರನ್ನು ತಾತ ಎಂದೇ ಕರೆಯುತ್ತಿದ್ದರು. ಗದ್ದೆಗಳಲ್ಲಿ ನೀರಿದ್ದ ದಿನಗಳಲ್ಲಿ ಇರುಳೆಲ್ಲ ಕಪ್ಪೆಗಳ ಕೂಗು ಮೈಕಿನೊಳಗೆ ನುಗ್ಗುತ್ತಿತ್ತು. ಆದಕಾರಣ ಕೊಯ್ಲು ಮುಗಿದು ಬಯಲು ಒಣಗುವವರೆಗೆ ಕಾದರು. ಅಂಗಡಿಯ ಬಾಗಿಲಿಗೆ ಕಂಬಳಿಗಳನ್ನು ಇಳಿಬಿಟ್ಟು, ನಡುರಾತ್ರಿ ಕಳೆದ ಮೇಲೆ ತಾತನನ್ನು ಕೂಡಿಸಿಕೊಂಡು ಮುದ್ರಣಕ್ಕೆ ತೊಡಗಿದರು. ಬಟ್ಟಲಿನ ಅಂಚಿಗೆ ತಾಗಿಸುವುದು, ಪೂರ್ಣವಾಗಿ ಅಪ್ಪಳಿಸುವುದು, ಅಂಗೈಯಿಂದ ಅದುಮಿ ತಡೆಯುವುದು, ಹೀಗೆ ಐದು ಬಗೆಯ ಪೆಟ್ಟುಗಳನ್ನು ಆಯ್ದರು. ಒಂದೊಂದನ್ನೂ ಮೆಲ್ಲಗೆ, ಸಾಧಾರಣವಾಗಿ, ಜೋರಾಗಿ ಎಂದು ಮೂರು ಸಾರಿ. ಒಟ್ಟು ಹದಿನೈದು ಮುದ್ರಿಕೆಗಳು. ಕಂಚಿನ ಅನುರಣನವು ಪೂರ್ತಿ ಅಡಗಲು ಒಂದೊಂದಕ್ಕೂ ನಾಲ್ಕು ಸೆಕೆಂಡಾದರೂ ಬೇಕು. ಅಂದರೆ ಅರುವತ್ತು ಸೆಕೆಂಡು. ಇದ್ದದ್ದು ಇಪ್ಪತ್ತಮೂರು.

ಅಳತೆಯ ವೇಗವನ್ನು ಅರ್ಧಕ್ಕೆ, ಅಂದರೆ ಸೆಕೆಂಡಿಗೆ 22,050ಕ್ಕೆ, ಇಳಿಸುವುದು ಒಂದು ಉಪಾಯ. ಆಗ ಸಮಯವು ಇಮ್ಮಡಿಯಾಗಿ 47 ಸೆಕೆಂಡು ದೊರೆಯುತ್ತದೆ. ಆದರೆ ಎಷ್ಟು ವೇಗದಲ್ಲಿ ಅಳೆಯುತ್ತೇವೋ ಅದರ ಅರ್ಧದಷ್ಟು ಕಂಪನಸಂಖ್ಯೆಯ ಧ್ವನಿಗಳವರೆಗೆ ಮಾತ್ರ ಯಂತ್ರವು ಗ್ರಹಿಸಬಲ್ಲದು ಎಂಬುದು ಈ ಶಾಸ್ತ್ರದ ಮೂಲ ನಿಯಮ. ವೇಗವನ್ನು ಇಳಿಸಿದರೆ ಸೆಕೆಂಡಿಗೆ ಹನ್ನೊಂದು ಸಾವಿರ ಕಂಪನಗಳಿಗಿಂತ ಮೇಲಿನದೆಲ್ಲ ಮಾಯ. ತಂಬೂರಿಯೋ ಕೊಳಲೋ ಆಗಿದ್ದರೆ ಆ ನಷ್ಟವನ್ನು ಹೇಗೋ ಸಹಿಸಬಹುದಿತ್ತು. ಕಂಚಿನ ಮಿನುಗು ಇರುವುದೇ ಆ ಎತ್ತರದಲ್ಲಿ. ಪ್ರಯೋಗ ಮಾಡಿ ಕೇಳಿದಾಗ ಕಂಸಾಳೆಯು ತಗಡಿನ ತಟ್ಟೆಯಂತೆ ನುಡಿಯಿತು. ನಾದದ ಬಾಲದ ಒಂದು ಚೂರನ್ನು ಮತ್ತೆ ಮತ್ತೆ ತಿರುಗಿಸಿ ಉದ್ದಮಾಡುವ ಇನ್ನೊಂದು ಉಪಾಯವೂ ಸೋತಿತು. ಪಿಟೀಲಿನ ಸ್ವರವು ಒಂದೇ ಸಮನಾಗಿ ನಿಲ್ಲುವುದರಿಂದ ಹಾಗೆ ತಿರುಗಿಸಲು ಬರುತ್ತದೆ. ಕಂಚಿನೊಳಗಿನ ಸ್ವರಾಂಶಗಳು ಒಂದಕ್ಕೊಂದು ಹೊಂದದೆ ಪ್ರತಿಕ್ಷಣವೂ ಬದಲಾಗುವುದರಿಂದ ಬೆಸುಗೆಯ ಜಾಗದಲ್ಲಿ ನಾದವು ಬಿಕ್ಕಳಿಸುತ್ತಿತ್ತು. ಕೊನೆಗೆ ಬೇರೆ ದಾರಿಯಿಲ್ಲದೆ ಒಂದೊಂದು ಪೆಟ್ಟನ್ನೂ ಒಂದೂವರೆ ಸೆಕೆಂಡಿಗೆ ಕತ್ತರಿಸಿದರು. ಹದಿನೈದು ಪೆಟ್ಟಿಗೆ ಇಪ್ಪತ್ತೆರಡೂವರೆ ಸೆಕೆಂಡು. ಸ್ಲೇಟು ಅಂಚಿನವರೆಗೆ ತುಂಬಿತು.

ಅದನ್ನು ಕೇಳಿಸಿದಾಗ ತಾತ ತಲೆಯಾಡಿಸಿ ನಕ್ಕರು. “ಬಟ್ಲು ಇನ್ನೂ ಮಾತಾಡ್ತಾ ಇರುವಾಗ್ಲೆ ಬಾಯಿ ಮುಚ್ಚಿಸ್ಬುಟ್ಟಿದ್ದೀಯಲ್ಲ ಮಗಾ! ನಿನ್ ಪೆಟ್ಗೆ ಹೊಟ್ಟೆ ಬಲು ಚಿಕ್ಕದು” ಎಂದರು.

ಪೆಟ್ಟಿಗೆಯ ಹೊಟ್ಟೆಯನ್ನು ಹಿಗ್ಗಿಸುವ ಕಾರ್ಯ ಅಂದಿನಿಂದ ಆರಂಭವಾಯಿತು. ಎಸ್2000ದೊಳಗೆ ಸ್ಮೃತಿಯ ಹಲಗೆಗಳಿಗೆಂದು ಎರಡು ಗೂಡುಗಳಿದ್ದವು. ಅವುಗಳ ನೆರವಿನಿಂದ ಸ್ಮೃತಿಯನ್ನು 32 ಮೆಗಾಬೈಟಿಗೆ ಏರಿಸಲು ಸಾಧ್ಯವಿತ್ತು. ಯಂತ್ರ ಹೊಸದಾಗಿದ್ದಾಗ ಆ ಹಲಗೆಗಳು ದುಬಾರಿ. ಆದರೆ ಅವು ಆ ಕಾಲದ ಸಾಧಾರಣ ಕಂಪ್ಯೂಟರುಗಳಲ್ಲಿ ಬಳಸುತ್ತಿದ್ದ 72 ಪಿನ್ನಿನ ಸಿಮ್ ಹಲಗೆಗಳೇ ಆಗಿದ್ದವೆಂಬುದು ಇವರ ಪಾಲಿಗೆ ಭಾಗ್ಯವಾಯಿತು. ಕಂಪ್ಯೂಟರುಗಳು ಹೊಸ ಬಗೆಯ ಸ್ಮೃತಿಗೆ ಹೊರಳಿದ ಮೇಲೆ ಹಳೆಯ ಹಲಗೆಗಳು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳಲ್ಲಿ ಗುಜರಿಯ ಬೆಲೆಗೆ ದೊರೆಯುತ್ತಿದ್ದವು. ಮುಂಜಾನೆಯ ರೈಲು ಹಿಡಿದು ಹೋಗಿ, ಧೂಳು ತುಂಬಿದ ಡಬ್ಬಗಳಲ್ಲಿ ಹುಡುಕಿ, ಹದಿನಾರು ಮೆಗಾಬೈಟಿನ ಎರಡು ಹಲಗೆಗಳನ್ನು ತಂದರು.

ಯಂತ್ರದ ತಂತಿಯನ್ನು ವಿದ್ಯುತ್ತಿನಿಂದ ಕಳಚಿ, ಕೈಯನ್ನು ಮೊದಲು ಲೋಹದ ಚೌಕಟ್ಟಿಗೆ ತಾಗಿಸಿ ಮೈಮೇಲಿನ ಸ್ಥಾಯೀ ವಿದ್ಯುತ್ತನ್ನು ನೀಗಿಕೊಂಡು, ಮುಚ್ಚಳವನ್ನು ತೆಗೆದರು. ಹಲಗೆಯನ್ನು ಓರೆಯಾಗಿ ಗೂಡಿಗೆ ಇಳಿಸಿ, ನೆಟ್ಟಗೆ ನಿಲ್ಲಿಸಿದಾಗ ಎರಡು ಕಡೆಯ ಕೊಂಡಿಗಳು ‘ಟಕ್’ ಎಂದು ಹಿಡಿದುಕೊಂಡವು. ಸ್ವಿಚ್ಚು ಒತ್ತಿದರೆ ಯಂತ್ರವು ಹೊಸ ಸ್ಮೃತಿಯನ್ನು ಗುರುತಿಸಲೇ ಇಲ್ಲ. ಹೊರನೋಟಕ್ಕೆ ಒಂದೇ ತೆರನಾಗಿ ಕಂಡರೂ ಹಲಗೆಗಳ ಮೇಲಿನ ಚಿಪ್ಪುಗಳ ಜೋಡಣೆಯಲ್ಲಿ ಭೇದಗಳಿರುತ್ತವೆ. ಕಂಪ್ಯೂಟರು ಸಹಿಸಿಕೊಂಡದ್ದನ್ನು ಈ ಯಂತ್ರ ಸಹಿಸದು. ಮತ್ತೆ ರೈಲು, ಮತ್ತೆ ಡಬ್ಬಗಳು. ಎರಡನೆಯ ಜೋಡಿಯೂ ಸೋತಿತು. ಮೂರನೆಯ ಜೋಡಿಯನ್ನು ಇಟ್ಟ ರಾತ್ರಿ ಪುಟ್ಟ ಪರದೆಯ ಮೇಲೆ ಹೊಸ ಸ್ಮೃತಿಯ ಲೆಕ್ಕ ಮೂಡಿತು. ಇಪ್ಪತ್ತಮೂರು ಸೆಕೆಂಡು ಇದ್ದಲ್ಲಿ ಈಗ ಆರು ನಿಮಿಷ ಇಪ್ಪತ್ತು ಸೆಕೆಂಡು! ಈಗಿನ ಸಾಧಾರಣ ಫೋನಿನ ಸ್ಮೃತಿಯು ಇದರ ಸಾವಿರ ಪಟ್ಟಿಗೂ ಮಿಗಿಲೆಂಬುದು ನಿಜ. ಆದರೂ ಆ ಇರುಳು ಆ ಅಂಗಡಿಯಲ್ಲಿ ಅದು ಕಣಜ ತುಂಬಿದಷ್ಟು ಸಂಭ್ರಮ ತಂದಿತು.

ತಾತ ಮತ್ತೆ ಬಂದರು. ಮತ್ತೆ ಹದಿನೈದು ಪೆಟ್ಟು. ಈ ಸಾರಿ ಯಾವುದನ್ನೂ ಕತ್ತರಿಸಲಿಲ್ಲ. ನಾದವು ಏಳುವಾಗಿನ ಕಿಡಿ, ನಡುವಿನ ಅಲೆ, ಕೊನೆಗೆ ಉಸಿರಿನಂತೆ ಸಣ್ಣಗಾಗಿ ಮೌನದಲ್ಲಿ ಸೇರುವ ಬಾಲ, ಎಲ್ಲವೂ ಇಡಿಯಾಗಿ ಉಳಿದವು. ಕಣ್ಣು ಮುಚ್ಚಿ ಕೇಳಿದ ತಾತ, “ಈಗ ನಂದೇ ಬಟ್ಲು” ಎಂದರು.

ಆದರೆ ಈ ಸ್ಮೃತಿಗೆ ಒಂದು ದೊಡ್ಡ ದೋಷವುಂಟು. ಇದು ರ‍್ಯಾಮ್ ಎಂಬ ಜಾತಿಯದು. ವಿದ್ಯುತ್ತು ಹರಿಯುತ್ತಿರುವವರೆಗೆ ಮಾತ್ರ ಇದರ ನೆನಪು. ವಿದ್ಯುತ್ತು ನಿಂತ ಮರುಗಳಿಗೆ ಎಲ್ಲವೂ ಶೂನ್ಯ. ಆದ್ದರಿಂದ ನಾದವನ್ನು ಫ್ಲಾಪಿಗಳಲ್ಲಿ ಬರೆದಿಟ್ಟು, ಪ್ರತಿಸಲವೂ ಅವುಗಳಿಂದ ತುಂಬಿಸಿಕೊಳ್ಳಬೇಕು. ಒಂದು ಫ್ಲಾಪಿಯಲ್ಲಿ ಒಂದೂವರೆ ಮೆಗಾಬೈಟಿನಷ್ಟು ಮಾತ್ರ ಹಿಡಿಯುವುದರಿಂದ ಆ ಅರುವತ್ತು ಸೆಕೆಂಡುಗಳ ಕಂಸಾಳೆಗೆ ನಾಲ್ಕು ಫ್ಲಾಪಿಗಳು ಬೇಕಾದವು. ಸ್ಮೃತಿ ಹಿಗ್ಗಿದಷ್ಟೂ ಅದನ್ನು ತುಂಬಿಸುವ ಕಾಲವೂ ಹಿಗ್ಗಿತು.

ಮುಂದಿನ ಜಾತ್ರೆಯ ಋತುವಿನ ಮೊದಲ ಕಾರ್ಯಕ್ರಮದ ತಾಲೀಮಿನಲ್ಲಿ ಇವರು ಈ ನಾದವನ್ನು ನುಡಿಸಿದರು. ಎಲ್ಲರೂ ಬೆರಗಾದರು. ಮಾಲೀಕರು ಮಾತ್ರ ಬೇರೊಂದು ಲೆಕ್ಕ ಹಾಕಿದ್ದರು. “ಬಹಳ ಒಳ್ಳೇದಾಯ್ತು ಮಾಸ್ಟ್ರೇ. ಇನ್ಮೇಲೆ ಆ ಇಬ್ಬರನ್ನ ಕರೆಸೋ ಖರ್ಚು ಉಳೀತು” ಎಂದರು. ಇವರಿಗೆ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಆದರೂ ಬಾಯಿ ತೆರೆಯಲಿಲ್ಲ. ತಾವೇ ಶ್ರಮಪಟ್ಟು ಸಾಧಿಸಿದ್ದನ್ನು ವೇದಿಕೆಯ ಮೇಲೆ ಮೆರೆಸುವ ಆಸೆ ಅವರಿಗೂ ಇತ್ತು.

ಆ ರಾತ್ರಿ ಮಹದೇಶ್ವರನ ಹಾಡು ಅರ್ಧವಾಗಿದ್ದಾಗ ಜನರೇಟರು ಕೆಮ್ಮಿ ನಿಂತುಹೋಯಿತು. ಎರಡು ನಿಮಿಷಗಳಲ್ಲಿ ದೀಪವೇನೋ ಹತ್ತಿತು. ಆದರೆ ಸ್ಯಾಂಪ್ಲರಿನ ಹೊಟ್ಟೆ ಬರಿದಾಗಿತ್ತು. ಒಂದೊಂದೇ ಫ್ಲಾಪಿಯನ್ನು ಹಾಕಿ, ಅದು ಗೊರಗುಟ್ಟುತ್ತ ಓದುವುದನ್ನು ಕಾಯುತ್ತ ಅವರು ಬೆವರಿದರು. ಜನ ಸಿಳ್ಳೆ ಹಾಕತೊಡಗಿದರು. ಆಗ ಮಾಲೀಕರ ಕಣ್ಣು, ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕುಳಿತು ಕಾರ್ಯಕ್ರಮ ನೋಡುತ್ತಿದ್ದ ತಾತನ ಮೇಲೆ ಬಿತ್ತು. “ಬನ್ನಿ, ಬನ್ನಿ, ನೀವೇ ಸ್ವಲ್ಪ ಹೊತ್ತು ನಡೆಸಿಕೊಡಿ” ಎಂದು ಕೈಬೀಸಿ ಕರೆದರು. ತಾತ ಎದ್ದುನಿಂತು ಬರಿಗೈಗಳನ್ನು ತೋರಿಸಿದರು. “ಕರೆದಿರ್ನಿಲ್ವಲ್ಲ ಸ್ವಾಮಿ, ಬಟ್ಲು ತಂದಿಲ್ಲ” ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಇದ್ದುದನ್ನು ಇದ್ದಂತೆ ಹೇಳಿ ಕುಳಿತರು. ನಾಲ್ಕನೆಯ ಫ್ಲಾಪಿ ಮುಗಿಯುವವರೆಗಿನ ಆ ಐದು ನಿಮಿಷಗಳನ್ನು ಇವರು ಬದುಕಿನಲ್ಲಿ ಮರೆಯಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಚಹಾದ ಅಂಗಡಿಯ ಬಳಿ ತಾತನೇ ಮಾತನಾಡಿಸಿದರು. “ಶಬ್ದ ಚೆಂದಾಗೈತೆ ಮಗಾ, ಇಲ್ಲ ಅನ್ನಲ್ಲ. ಆದ್ರೆ ಬಟ್ಲು ತಿರುಗ್ನಿಲ್ವಲ್ಲ” ಎಂದರು. ಬೀಸು ಕಂಸಾಳೆಯನ್ನು ನೋಡಿದವರಿಗೆ ಈ ಮಾತಿನ ಭಾರ ತಿಳಿಯುತ್ತದೆ. ಅಲ್ಲಿ ನಾದಕ್ಕಿಂತ ಮೊದಲು ಕೈ ಬೀಸುತ್ತದೆ, ಮೈ ಬಳುಕುತ್ತದೆ, ತಾಳವು ತಲೆಯ ಮೇಲಿಂದ, ಬೆನ್ನ ಹಿಂದಿನಿಂದ ಸುತ್ತಿಬಂದು ಜೊತೆಯವನ ಬಟ್ಟಲನ್ನು ಹುಡುಕಿಕೊಂಡು ತಾಗುತ್ತದೆ. ಪೆಟ್ಟು ಬೀಳುವ ಮುಂಚಿನ ಆ ನಿರೀಕ್ಷೆಯ ಗಳಿಗೆಯು ಯಾವ ಮೆಗಾಬೈಟಿನಲ್ಲಿಯೂ ಇರಲಿಲ್ಲ. ಆರು ನಿಮಿಷವಲ್ಲ, ಆರು ದಿನಗಳ ಸ್ಮೃತಿಯಿದ್ದರೂ ಯಂತ್ರವು ಹಿಡಿದಿಡುತ್ತಿದ್ದುದು ಪೆಟ್ಟನ್ನೇ ಹೊರತು ಬೀಸನ್ನಲ್ಲ.

ಮರುದಿನ ಅವರು ತಾತನ ಮನೆಗೆ ಹೋಗಿ, ಹಿಂದಿನ ರಾತ್ರಿ ತಮಗೆ ಬಂದ ಸಂಭಾವನೆಯಲ್ಲಿ ಅರ್ಧವನ್ನು ಮುಂದಿಟ್ಟರು. ಬೇಡವೆನ್ನುವರೇನೋ ಎಂದು ಅಳುಕಿದ್ದರು. ತಾತ ಹಣವನ್ನು ಎಣಿಸಿ ಮಡಿಲಿಗೆ ಸೇರಿಸಿಕೊಂಡು, “ಹೊಟ್ಟೆ ಐತಲ್ಲ ಮಗಾ, ಬ್ಯಾಡ ಅನ್ನಕ್ಕಾಗ್ತದಾ? ಆದ್ರೆ ನಮ್ಮನ್ನೂ ಕರೀರಿ” ಎಂದರು. ಆ ಸರಳವಾದ ಮಾತು ಇವರಿಗೆ ಒಂದು ವ್ರತದಂತಾಯಿತು. ಕಲಾವಿದರು ಬರಲು ಸಾಧ್ಯವಿರುವ ಯಾವ ವೇದಿಕೆಯಲ್ಲಿಯೂ ಯಂತ್ರದ ಕಂಸಾಳೆಯನ್ನು ನುಡಿಸುವುದಿಲ್ಲವೆಂದೂ, ಬೇರೆಡೆ ನುಡಿಸಿ ಹಣ ಬಂದರೆ ಅದರಲ್ಲಿ ನಾದ ಕೊಟ್ಟವರಿಗೂ ಪಾಲುಂಟೆಂದೂ ಮಾಲೀಕರಿಗೆ ತಿಳಿಸಿದರು. ಮಾಲೀಕರಿಗೆ ಅದು ಹಿಡಿಸಲಿಲ್ಲ. ಆ ಋತುವಿನಲ್ಲಿ ಹಲವು ಕಾರ್ಯಕ್ರಮಗಳು ಇವರ ಕೈತಪ್ಪಿದವು. ರಿಪೇರಿಯ ಅಂಗಡಿ ಇದ್ದುದರಿಂದ ಒಲೆ ಆರಲಿಲ್ಲ.

ಹಾಗಾದರೆ ಅಷ್ಟೆಲ್ಲ ಶ್ರಮಪಟ್ಟು ಸ್ಮೃತಿಯನ್ನು ಹಿಗ್ಗಿಸಿದ್ದು ವ್ಯರ್ಥವಾಯಿತೇ ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರ ದೊರಕಿದುದು ಹಲವು ವರ್ಷಗಳ ತರುವಾಯ. ಅಷ್ಟರಲ್ಲಿ ತಾತ ಕಾಲವಾಗಿದ್ದರು. ಅವರಿಂದಲೇ ಬೀಸನ್ನೂ ಹಾಡನ್ನೂ ಕಲಿತಿದ್ದ ಮೊಮ್ಮಗನ ಕೈಯಲ್ಲಿ ಆ ಹಳೆಯ ಬಟ್ಟಲು ಒಂದು ದಿನ ಬಿರುಕು ಬಿಟ್ಟಿತು. ಬಿರುಕು ಬಿಟ್ಟ ಕಂಚು ನುಡಿಯದು. ಹೊಸದನ್ನು ಕೊಳ್ಳಲು ಹೊರಟ ಆ ಯುವಕನು ಅಂಗಡಿಗೆ ಬಂದು, “ತಾತನ ಬಟ್ಟಲ ಸದ್ದು ಒಂದ್ಸಲ ಕೇಳಿಸ್ತೀರಾ ಅಣ್ಣಾ? ಅಂಥದ್ದೇ ಹುಡುಕ್ಬೇಕು” ಎಂದು ಕೇಳಿದನು. ಫ್ಲಾಪಿಗಳಲ್ಲಿ ಒಂದಾಗಲೇ ಬೂಷ್ಟು ಹಿಡಿದು ಓದದಾಗಿತ್ತು. ಪುಣ್ಯವಶಾತ್ ಅವುಗಳ ಪ್ರತಿಗಳಿದ್ದವು. ಇಬ್ಬರೂ ಮೈಸೂರಿನ ಪಾತ್ರೆ ಅಂಗಡಿಗಳಿಗೆ ಹೋಗಿ, ಒಂದೊಂದು ಬಟ್ಟಲನ್ನೂ ತಾಗಿಸಿ, ಕಿವಿಗೆ ಹಚ್ಚಿಕೊಂಡ ಮುದ್ರಿಕೆಯೊಡನೆ ಹೋಲಿಸಿ ನೋಡಿದರು. ಪೆಟ್ಟು ಬಿದ್ದ ಗಳಿಗೆಯಲ್ಲಿ ಎಲ್ಲ ಬಟ್ಟಲುಗಳೂ ಹೆಚ್ಚುಕಡಿಮೆ ಒಂದೇ. ಎರಡನೆಯ ಸೆಕೆಂಡು ಕಳೆದ ಮೇಲೆ, ನಾದವು ಇಳಿಯುತ್ತ ಹೋಗುವ ಬಾಲದಲ್ಲಿ ಮಾತ್ರ ಅವುಗಳ ಭೇದ ಕಾಣುತ್ತಿತ್ತು. ಒಂದೂವರೆ ಸೆಕೆಂಡಿಗೆ ಕತ್ತರಿಸಿದ್ದ ಹಳೆಯ ಮುದ್ರಿಕೆಯಿಂದ ಈ ಆಯ್ಕೆ ಸಾಧ್ಯವೇ ಆಗುತ್ತಿರಲಿಲ್ಲ. ಮೂರನ್ನು ತಿರಸ್ಕರಿಸಿ ನಾಲ್ಕನೆಯದನ್ನು ಕೊಂಡರು. ಸಾದರ ಪತ್ರಪ್ಪ ರಸ್ತೆಯ ಆ ಎರಡು ಗುಜರಿ ಹಲಗೆಗಳ ಋಣ ಅಂದು ತೀರಿತು.

ತದನಂತರ ಅವರು ಆ ನಾದಗಳನ್ನು ಕಾಪಾಡುವ ಕೆಲಸವನ್ನು ಶ್ರದ್ಧೆಯಿಂದ ಕೈಗೊಂಡಿದ್ದಾರೆ. ಸ್ಯಾಂಪ್ಲರಿನ ಫ್ಲಾಪಿ ಚಾಲಕವನ್ನು ತೆಗೆದು, ಅದರ ಜಾಗದಲ್ಲಿ ಪೆನ್‌ಡ್ರೈವನ್ನು ಫ್ಲಾಪಿಯೆಂದೇ ಯಂತ್ರವು ನಂಬುವಂತೆ ಮಾಡುವ ಉಪಕರಣವೊಂದನ್ನು ಕೂಡಿಸಿದ್ದಾರೆ. ಈಚಿನ ವರ್ಷಗಳಲ್ಲಿ ಲೋಕದ ಹಲವು ಹವ್ಯಾಸಿಗಳು ಆ ಹಳೆಯ ಜೆವಿ-1080ರ ಗೂಡುಗಳಿಗೂ ಹೊಂದುವ, ಮತ್ತೆ ಮತ್ತೆ ಬರೆಯಲು ಬರುವ ಹಲಗೆಗಳನ್ನು ರೂಪಿಸಿದ್ದಾರೆ. ಕಾರ್ಖಾನೆಯ ಹಲಗೆಗಳಲ್ಲಿ ಅಂಕಿಗಳನ್ನು ಅದಲುಬದಲಾಗಿ ಹೆಣೆದಿಟ್ಟಿದ್ದ ಗುಟ್ಟನ್ನು ಬಿಡಿಸಿದ ಬಳಿಕ ಇದು ಸಾಧ್ಯವಾಯಿತು. ಅಂಥ ಒಂದು ಹಲಗೆಯಲ್ಲಿ ಇವರು ಕಂಸಾಳೆಯನ್ನು ಇರಿಸಿದ್ದಾರೆ. ಸಿತಾರ ತಬಲಗಳು ಕುಳಿತಿದ್ದ ಸಾಲಿನಲ್ಲಿ ಇಪ್ಪತ್ತು ವರ್ಷ ತಡವಾಗಿಯಾದರೂ ಅದಕ್ಕೂ ಒಂದು ಪೀಠ ದೊರೆಯಿತು. ವಿದ್ಯುತ್ತು ಹೋದರೂ ಈ ಹಲಗೆಯ ನೆನಪು ಅಳಿಯದು. ಪ್ರತಿಯೊಂದು ಪೆಟ್ಟಿಗೂ ತಾತ ಹೇಳಿದ್ದ ಹೆಸರನ್ನೇ ಇಟ್ಟಿದ್ದಾರೆ. ಜೊತೆಗಿರುವ ಪುಸ್ತಕದಲ್ಲಿ ತಾತನ ಹೆಸರು, ಊರು, ಬಟ್ಟಲು ಯಾರಿಂದ ಬಂದುದು, ಮುದ್ರಿಸಿದ್ದು ಯಾವ ರಾತ್ರಿ ಎಂಬುದೆಲ್ಲ ಕೈಬರಹದಲ್ಲಿದೆ. ಹೆಸರಿಲ್ಲದ ನಾದವು ಯಾರದೂ ಆಗಿಬಿಡುತ್ತದೆ ಎಂಬುದು ಅವರ ಅನುಭವದ ಮಾತು.

ಈಗಲೂ ಆಗಿಂದಾಗ್ಗೆ ಅವರು ಶಾಲೆಗೆ ಬಂದು ಮಕ್ಕಳ ಮುಂದೆ ಆ ಪೆಟ್ಟಿಗೆಯ ಮುಚ್ಚಳವನ್ನು ತೆರೆದು, ಗೂಡುಗಳನ್ನೂ ಹಲಗೆಗಳನ್ನೂ ತೋರಿಸುವುದುಂಟು. ಅಂಥ ದಿನ ತಾತನ ಮೊಮ್ಮಗನೂ ಜೊತೆಗಿರುತ್ತಾನೆ. ಮೊದಲು ಯಂತ್ರ ನುಡಿಯುತ್ತದೆ, ಮಕ್ಕಳು ಬೆರಗಾಗುತ್ತಾರೆ. ಆಮೇಲೆ ಆ ಯುವಕನು ಎದ್ದು ಬಟ್ಟಲನ್ನು ಬೀಸುತ್ತಾನೆ. ಮಕ್ಕಳು ತಾವೂ ಎದ್ದು ನಿಲ್ಲುತ್ತಾರೆ. ಪ್ರಾರ್ಥನಾ ಮಂದಿರದಲ್ಲಿ ಒಮ್ಮೆ ಪುಟ್ಟ ಬಾಲಕನೊಬ್ಬನು, “ಇದರಲ್ಲಿ ಎಷ್ಟು ಹಾಡು ಹಿಡಿಯುತ್ತೆ?” ಎಂದು ಯಂತ್ರವನ್ನು ತೋರಿಸಿ ಕೇಳಿದನಂತೆ. “ಆರು ನಿಮಿಷ” ಎಂದರು ಇವರು. “ಅವರಲ್ಲಿ?” ಎಂದು ಬಾಲಕನು ಕಂಸಾಳೆಯ ಯುವಕನತ್ತ ಬೆರಳು ಮಾಡಿದನು. ಯುವಕನೇ ನಗುತ್ತ ಉತ್ತರವಿತ್ತನು: “ಮೂರು ರಾತ್ರಿ. ನೀನು ಬಂದು ಕೂತರೆ ನಿನಗೂ ಕಲಿಸ್ತೀನಿ.”

ದಾನಿಗಳ ಔದಾರ್ಯದಿಂದ ವಿದ್ಯಾಸಂಸ್ಥೆಗಳಲ್ಲಿ ಕೊಠಡಿಗಳೂ ಕಪಾಟುಗಳೂ ಯಂತ್ರಗಳೂ ವರ್ಷವರ್ಷವೂ ಹೆಚ್ಚುತ್ತಿರುವುದು ಸಂತೋಷದ ವಿಷಯ. ಸ್ಥಳವಿಲ್ಲದೆ ಹೋದರೆ ಒಳ್ಳೆಯದನ್ನು ಕತ್ತರಿಸಿ ಎಸೆಯಬೇಕಾಗುತ್ತದೆ ಎಂಬುದನ್ನು ಆ ಇಪ್ಪತ್ತಮೂರು ಸೆಕೆಂಡುಗಳು ಕಲಿಸಿದವು. ಸ್ಥಳವೊಂದೇ ಸಾಲದು, ಅದನ್ನು ತುಂಬಿದವರನ್ನು ಮರೆಯಬಾರದು ಎಂಬುದನ್ನು ಬರಿಗೈ ತೋರಿಸಿ ನಿಂತ ಹಿರಿಯರೊಬ್ಬರು ಕಲಿಸಿದರು. ಆ ಬಾಲಕನು ಈಗ ಭಾನುವಾರಗಳಂದು ಕಂಸಾಳೆ ಕಲಿಯಲು ಹೋಗುತ್ತಿದ್ದಾನೆ.